ಪಕ್ಕೆಗೆ ಎಸೆಯದ ಚೆಂಡು

ಅಪ್ಪಾ,

ನೀನು ಓದುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇವತ್ತು ಸಕ್ಕರೆ ಕಾರ್ಖಾನೆಯವರ ಜೊತೆಗಿನ ಬೇಸ್‌ಬಾಲ್ ಪಂದ್ಯದಲ್ಲಿ ಅವರ ಪಿಚರ್ ಬೇಕೆಂದೇ ನನ್ನ ತಮ್ಮ ವಿಲ್ಕಿನ್‌ನ ಬೆನ್ನಿಗೆ ಚೆಂಡು ಎಸೆದ. ಆಮೇಲೆ ನಾನು ಎಸೆಯಲು ನಿಂತಾಗ ಕೋಚ್ ಎಲಾಡಿಯೊ ಹತ್ತಿರ ಬಂದ.

"ಅವರವನ ಪಕ್ಕೆಗೇ ಬಿಡು. ನಿಮ್ಮಪ್ಪ ಆಗಿದ್ರೆ ಹೇಳಿಸ್ಕೊಳ್ತಾನೇ ಇರ್ಲಿಲ್ಲ."

ನಿಜ, ನಮ್ಮವನಿಗೆ ಹೊಡೆದರೆ ಅವರವನಿಗೂ ಹೊಡೆಯಬೇಕೆಂಬ, ಎಲ್ಲೂ ಬರೆದಿಡದ ಆ ನಿಯಮವನ್ನು ಕಲಿಸಿದವನು ನೀನೇ. ಬ್ಯಾಟ್ ಹಿಡಿದು ನಿಂತವನು ರಮಿರೊನ ಮಗ. ನಿನ್ನ ಚೆಂಡು ಮೊಣಕೈಗೆ ತಗುಲಿದ ಮೇಲೆ ರಮಿರೊ ಮತ್ತೆಂದೂ ಆಡಲಿಲ್ಲ. ಮಗ ಏಟಿಗೆ ಸಿದ್ಧನಾಗಿ ಹಲ್ಲು ಕಚ್ಚಿದ್ದ. ನಾನು ಮೂರೂ ಚೆಂಡುಗಳನ್ನು ನೇರವಾಗಿ ಎಸೆದೆ. ಮೂರಕ್ಕೂ ಬ್ಯಾಟ್ ಬೀಸಿದರೂ ಒಂದೂ ತಾಗದೆ ಔಟಾದ.

"ನನಗೆ ಹೊಡೆಯೋಕೆ ಹೆದರಿದ್ಯೇನೋ?" ಎಂದ ರಮಿರೊನ ಮಗ.

"ಔಟ್ ಮಾಡೋಕೆ ಬರುತ್ತಲ್ಲೋ, ಹೊಡೆಯೋದ್ಯಾಕೆ?"

ಗೆದ್ದೆವು. ವಿಲ್ಕಿನ್ ಮಾತ್ರ ಸೇಡು ತೀರಿಸಲಿಲ್ಲವೆಂದು ನನ್ನನ್ನು ಬಿಟ್ಟು ಒಬ್ಬನೇ ಮನೆಗೆ ನಡೆದ. ನೀನಿದ್ದಿದ್ದರೆ ನೀನೂ ಹಾಗೇ ಮಾಡುತ್ತಿದ್ದೆ. ಆದರೂ ಮುಂದಿನ ಪಂದ್ಯದಲ್ಲಿ ನಾನು ನೇರವಾಗಿಯೇ ಎಸೆಯುತ್ತೇನೆ.