ಹೆಸರಿನ ಕಾಲಂ ಖಾಲಿ ಬಿಟ್ಟಿದ್ದೇನೆ

ಧರ್ಮಾಧ್ಯಕ್ಷರ ಕಚೇರಿಯ ಪೂಜಾವಿಧಿ ಅಧಿಕಾರಿಗಳಿಗೆ,

ಮಾನ್ಯರೇ, ಈ ಸಲದ ಚಾಂದ್ರ ಹೊಸವರ್ಷಕ್ಕೆ ಚರ್ಚಿನೊಳಗೇ ಪೂರ್ವಜರ ಫಲಕವಿಟ್ಟು, ಊದುಬತ್ತಿ ಹಚ್ಚಿ ಪರಮಪ್ರಸಾದದ ಬಲಿಪೂಜೆ ನಡೆಸುವುದಾಗಿ ಸುತ್ತೋಲೆ ಕಳಿಸಿದ್ದೀರಿ. ಜೊತೆಗೊಂದು ಫಾರಂ: ಮನೆತನದ ಹಿರಿಯರ ಹೆಸರುಗಳನ್ನು ತುಂಬಬೇಕಂತೆ. ತುಂಬಲು ನನ್ನ ಬಳಿ ಇರುವುದು ಒಂದೇ ಹೆಸರು. ಉಳಿದವನ್ನು ನಾನೇ ಸುಟ್ಟೆ.

ನಮ್ಮ ಹಳೆಯ ಸಂಪ್ರದಾಯದಲ್ಲೂ ಸತ್ಯದ ಬೀಜವಿತ್ತು ಎಂದು ಸುತ್ತೋಲೆ ಹೇಳುತ್ತದೆ. ಬಹಳ ಸಂತೋಷ. ಅರವತ್ತು ವರ್ಷಗಳ ಹಿಂದೆ ಈ ಬೀಜ ನಿಮ್ಮ ಯಾವ ಉಗ್ರಾಣದಲ್ಲಿತ್ತು? ಆಗ ನಮ್ಮ ಊದುಬತ್ತಿಯದು ಸೈತಾನನ ಹೊಗೆ, ನಿಮ್ಮ ಧೂಪದ್ದು ಪರಲೋಕದ ಪರಿಮಳ. ಏಸುವಿನ ಹೆಸರು ಕೇಳುವ ಮೊದಲೇ ಹಿಮದ ನಾಡಿನವರು ಚಳಿಗಾಲಕ್ಕೆ ಮನೆ ಸಿಂಗರಿಸುತ್ತಿದ್ದ ಹಸಿರು ಕೊಂಬೆ, ಹಿಮವನ್ನೇ ಕಾಣದ ನಮ್ಮ ಜಿಲ್ಲೆ ಯುನ್‌ಲಿನ್‌ಗೆ ಪ್ಲಾಸ್ಟಿಕ್ ಕ್ರಿಸ್‌ಮಸ್ ಮರವಾಗಿ ಬಂದು ಪೀಠದ ಪಕ್ಕ ನಿಂತಿತು. ಅದಕ್ಕೆ ದೀಕ್ಷಾಸ್ನಾನ ಆಗಿದೆಯೇ ಎಂದು ಯಾರಾದರೂ ಕೇಳಿದರೇ?

ನಮ್ಮಲ್ಲಿ ಹಿರಿಯರ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಪುಟ್ಟ ಪೆಟ್ಟಿಗೆಯಂತಿರುವ ಮರದ ಫಲಕದ ಮುಚ್ಚಳ ಸರಿಸಿದರೆ ಒಳಗಿನ ತೆಳು ಹಲಗೆಗಳ ಮೇಲೆ ಹೆಸರು, ಹುಟ್ಟು, ಸಾವು ಬರೆದಿರುತ್ತದೆ. ನಮ್ಮ ಮನೆಯ ಫಲಕಕ್ಕೆ ದಿನಾ ಬೆಳಗ್ಗೆ ಊದುಬತ್ತಿ ಹಚ್ಚುತ್ತಿದ್ದವರು ನನ್ನ ಅತ್ತೆ. ಅವರಿಗೆ ಓದಲು ಬಾರದು. ಸೇನೆಯಲ್ಲಿದ್ದ ನನ್ನ ಗಂಡ ಅದನ್ನೆಂದೂ ತೆರೆದು ನೋಡಿರಲಿಲ್ಲ. ಚರ್ಚಿನವರು ಬಡವರಿಗೆ ಗೋಧಿ ಹಿಟ್ಟು ಹಂಚುತ್ತಿದ್ದ ಕಾಲ ಅದು. ನಾನು ದೀಕ್ಷಾಸ್ನಾನ ಪಡೆದು ಬಂದ ದಿನ ಅತ್ತೆ ಅಕ್ಕಪಕ್ಕದವರ ಮುಂದೆಯೇ ಕೇಳಿದರು, "ಎಷ್ಟು ಚೀಲ ಹಿಟ್ಟಿಗೆ ನಮ್ಮಜ್ಜಂದಿರನ್ನ ಮಾರಿ ಬಂದ್ಯೇ, ಆಲುವಾನ್?" ಎಲ್ಲರೂ ನಕ್ಕರು.

ಮರುದಿನ ಸಂಜೆ ಅವರು ಗದ್ದೆಯಿಂದ ಬರುವ ಮೊದಲು ಫಲಕವನ್ನು ಬಚ್ಚಲ ಒಲೆಗೆ ಹಾಕಿದೆ. ಆ ಬಿಸಿನೀರಲ್ಲೇ ಅತ್ತೆ ಮಿಂದರು. ಹೊರಬಂದು, "ಇವತ್ತು ನೀರು ಹದವಾಗಿ ಕಾದಿತ್ತು ಕಣೇ" ಎಂದರು. ಆಮೇಲೆ ನಡುಮನೆಗೆ ಹೋಗಿ ಖಾಲಿ ಮೇಜು ನೋಡಿದರು. ಬೈಯಲಿಲ್ಲ. "ಒಳಗಿಂದನ್ನಾದ್ರೂ ತೆಗೆದಿಟ್ಯಾ?" ಎಂದಷ್ಟೇ ಕೇಳಿದರು. ಒಳಗೇನಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಕಿದ್ದೆ.

ತಪ್ಪನ್ನೆಲ್ಲ ನಿಮ್ಮ ತಲೆಗೆ ಕಟ್ಟಿ ಈ ಪತ್ರ ಮುಗಿಸಬೇಕೆಂದಿದ್ದೆ. ಆಗುತ್ತಿಲ್ಲ. ನನಗೆ ದೀಕ್ಷಾಸ್ನಾನ ಕೊಟ್ಟ ವಿದೇಶಿ ಫಾದರ್ ಫಲಕದ ಬಗ್ಗೆ ಹೇಳಿದ್ದು ಇಷ್ಟೇ: "ಅದನ್ನ ತೆಗೆದು ನನಗೆ ತಂದ್ಕೊಡಮ್ಮ, ಇಟ್ಕೊಂಡಿರ್ತೀನಿ." ಸುಡು ಎನ್ನಲಿಲ್ಲ. ಸತ್ಯಕ್ಕಾಗಿ ಸುಟ್ಟೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಸುಟ್ಟದ್ದು ಆ ನಗುವಿನ ಸೇಡಿಗೆ. ನಿಮ್ಮ ಅಪರಾಧ ಬೇರೆಯೇ ಇದೆ. ಅತ್ತೆ ತೀರಿಕೊಂಡ ಮೇಲೆ ತಡೆಯಲಾಗದೆ ಪಾಪನಿವೇದನೆಗೆ ಹೋದೆ, ಬೇರೆ ಬೇರೆ ವರ್ಷಗಳಲ್ಲಿ ಮೂವರು ಗುರುಗಳ ಬಳಿ. ಮೂವರದ್ದೂ ಒಂದೇ ಮಾತು: "ಅದು ಪಾಪ ಅಲ್ಲಮ್ಮ, ಪುಣ್ಯ. ಮುಂದಿಂದು ಹೇಳಿ." ಪಾಪವೇ ಅಲ್ಲದ್ದಕ್ಕೆ ಯಾರು ಕ್ಷಮೆ ಕೊಡುತ್ತಾರೆ?

ನನಗೀಗ ಎಂಬತ್ತಮೂರು. ಬೇಡಿಕೆ ಒಂದೇ. ಆ ಫಲಕದಲ್ಲಿ ಸತ್ಯವಿತ್ತು ಎನ್ನುವುದಾದರೆ, ಅದನ್ನು ಸುಟ್ಟದ್ದು ಪಾಪ ಎಂದು ನಿಮ್ಮ ಮೊಹರು ಹಾಕಿ ಬರೆದು ಕೊಡಿ. ಹೊಸವರ್ಷಕ್ಕೆ ಮುಂಚೆಯೇ ಬೇಕು. ಆ ಕಾಗದ ಹಿಡಿದು ಇನ್ನೊಮ್ಮೆ ಮೊಣಕಾಲೂರುತ್ತೇನೆ. ಫಾರಂ ಇದರೊಂದಿಗಿದೆ. ನನಗೆ ಗೊತ್ತಿರುವ ಆ ಒಂದು ಹೆಸರು ಅತ್ತೆಯದು. ಕ್ಷಮೆ ಸಿಗುವ ತನಕ ಅದನ್ನು ಬರೆಯಲು ನನಗೆ ಕೈ ಬರುವುದಿಲ್ಲ.

ಇಂತಿ,
ನಿಮ್ಮ ಪ್ರಕಾರ ಪುಣ್ಯವಂತೆಯಾದ
ಮೋನಿಕಾ ಕೋ ಆಲುವಾನ್