ಯಾರೂ ಓದದ ವರದಿ

ಚಿಕ್ಕಮ್ಮಾ, ಕೂತ್ಕೊಂಡು ಓದು, ನಿನ್ನ ಹುಡುಗಿ ಗೆದ್ದಳು!

ಈ ದೊಡ್ಡ ಕಂಪನಿಯಲ್ಲಿ ನಾವು ಟ್ರೈನಿಗಳು ಹನ್ನೆರಡು ಜನ. ಮೂರು ತಿಂಗಳಲ್ಲಿ ಏನಾದ್ರೂ ಸ್ವಂತವಾಗಿ ಮಾಡಿ ತೋರಿಸಿದೋರಿಗೆ ಮಾತ್ರ ನೌಕರಿ. ಉಳಿದೋರೆಲ್ಲ ಹೊಸ ಹೊಸ ಆ್ಯಪ್ ಮಾಡ್ತಿದ್ರು. ನನ್ನ ಕಣ್ಣು ಬಿದ್ದಿದ್ದು ನಾಲ್ಕನೇ ಮಹಡಿ ಮೂಲೆಯ ಪ್ರಿಂಟರ್ ಮೇಲೆ. ದಿನಾ ಬೆಳಿಗ್ಗೆ ತಾನಾಗೇ ಇನ್ನೂರು ಹಾಳೆ ವರದಿ ಉಗುಳೋದು. ಆ ವರದಿ ತಯಾರಾಗೋವರೆಗೂ ಗೋಡೌನಿನವರ ಕಂಪ್ಯೂಟರೆಲ್ಲ ಆಮೆ!

"ಇದನ್ನ ಯಾರು ಓದ್ತಾರಣ್ಣ?" ಅಂತ ಕಸ ಗುಡಿಸೋರನ್ನ ಕೇಳಿದೆ.

"ಓದೋದಾ? ಏಳು ವರ್ಷದಿಂದ ನಾನೇ ನೇರ ರದ್ದಿಗೆ ಹಾಕ್ತಿದೀನಿ ತಾಯಿ."

ನಿಲ್ಲಿಸಿಬಿಡೋಣ ಅಂದೆ. ಆಫೀಸಿಗೆ ಆಫೀಸೇ ಹೌಹಾರಿತು: "ಯಾರೋ ದೊಡ್ಡೋರು ಹೇಳಿ ಮಾಡಿಸಿರ್ತಾರೆ, ಮುಟ್ಟಬೇಡ!" ಮ್ಯಾನೇಜರಮ್ಮ, "ಒಂದು ವಾರ ನಿಲ್ಲಿಸು. ವರದಿ ಎಲ್ಲಿ ಅಂತ ಒಬ್ಬರು ಕೇಳಿದ್ರೂ ನೀನು ಗಂಟುಮೂಟೆ ಕಟ್ಟು," ಅಂದ್ರು. ಫೋನ್ ಬಡಕೊಂಡಾಗೆಲ್ಲ ನಾನೇ ಮೊದಲು ಓಡಿ ಎತ್ತುತ್ತಿದ್ದೆ. ವಾರ ಪೂರ್ತಿ ಒಬ್ಬರೂ ಕೇಳಲಿಲ್ಲ! ಗೋಡೌನಿನವರು ಮಾತ್ರ, "ಕಂಪ್ಯೂಟರಿಗೆ ಏನು ಮಾಡಿದ್ರಿ, ಕುದುರೆ ಥರ ಓಡ್ತಿದೆಯಲ್ಲ" ಅಂದ್ರು.

ಎಸಿ ಚಳಿಗೆ ನೆಗಡಿ ಹಿಡಿದಿದೆ, ಮಾತ್ರೆ ತಗೊಂಡಿದೀನಿ, ಗಾಬರಿ ಬೇಡ.

ಇವತ್ತು ನೌಕರಿ ಪತ್ರ ಕೈಗೆ ಬಂತು. ಜೊತೆಗೊಂದು ಸರ್ಟಿಫಿಕೇಟು. "ಮಾಡಿದ ಕೆಲಸ" ಅನ್ನೋ ಕಡೆ ಮ್ಯಾನೇಜರಮ್ಮ ಸ್ವಂತ ಕೈಲಿ ಬರೆದಿದ್ದಾರೆ: "ಒಂದು ಕೆಲಸ ನಿಲ್ಲಿಸಿದಳು." ಅಪ್ಪನಿಗೆ ಇದನ್ನ ಎರಡು ಸಲ ಓದಿ ಹೇಳು. ಕಾಗದದಲ್ಲಿ ಜಾಗ ಮುಗೀತು.

ನಿನ್ನ ತರಲೆ