ರೇಮಂಡ್ ಬರೆಯದ ಕಾಗದಗಳು

ಪಡೀಲ್, ಮಂಗಳೂರು
11 ಆಗಸ್ಟ್ 1968, ಆದಿತ್ಯವಾರ

ಪ್ರೀತಿಯ ಮಗಳು ಬರ್ನಡೆಟ್‌ಗೆ,

ಹೇಗಿದ್ದಿ? ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದರೆ ಕಾಲು ಊದಿಕೊಳ್ಳುತ್ತದೆ ಎಂದು ಬರೆದಿದ್ದೆ, ಈಗ ಕಡಿಮೆಯೇ? ನಿನ್ನ ಗಂಡ ಹೆರಾಲ್ಡ್‌ನ ಕೆಮ್ಮು ಹೇಗಿದೆ? ಮಗ ರೇಮಂಡ್‌ನ ಮೊಣಕಾಲು? ನಿಮ್ಮ ಮೂವರ ಆರೋಗ್ಯವನ್ನು ನಾನು ಕೇಳುತ್ತಿರುವುದು ಇದೇ ಮೊದಲು. ನೀನು ನರ್ಸ್ ಕೆಲಸ ಕಲಿಯಲು ಇಂಗ್ಲೆಂಡಿಗೆ ಹೋಗಿ, ಅಲ್ಲಿ ನಾನು ಬೇಡವೆಂದರೂ ಹೆರಾಲ್ಡ್‌ನನ್ನು ಮದುವೆಯಾಗಿ ಹತ್ತೊಂಬತ್ತು ವರ್ಷ ಕಳೆಯಿತು. ಇಷ್ಟು ವರ್ಷ ನಿನಗೆ ಇಲ್ಲಿಂದ ಬಂದ ಕಾಗದಗಳೆಲ್ಲ ನಿನ್ನನ್ನು ಹೆತ್ತ ಮಾಂಯ್ ಹೇಳಿ, ನಿನ್ನ ತಂಗಿ ಜೆಸ್ಸಿ ಬರೆದವು. ನಾನು ಬರೆದದ್ದು ಒಂದೇ ಒಂದು, ಮೊನ್ನೆ ಜೂನ್ ತಿಂಗಳಿನದು. ಆ ಕಾಗದದ ಬಗ್ಗೆ ಹೇಳಲಿಕ್ಕೇ ಕುಳಿತಿದ್ದೇನೆ.

ನಿನ್ನ ಮಾಂಯ್‌ಗೆ ಯಾವ ಕಾಯಿಲೆಯೂ ಇಲ್ಲ. ನೀನು ಗಾಬರಿಯಾಗಿರಬಹುದು, ಅದಕ್ಕೆ ಮೊದಲೇ ಹೇಳಿಬಿಟ್ಟೆ. ಇವತ್ತು ಬೆಳಿಗ್ಗೆಯೂ ಬಾವಿಯಿಂದ ನೀರು ಸೇದಿ, ಮೊದಲ ಪೂಜೆಗೆ ಇಗರ್ಜಿಗೆ ನಡೆದುಕೊಂಡೇ ಹೋಗಿ ಬಂದಳು. ಮನೆಯ ಮಾಡು ರಿಪೇರಿಯಲ್ಲಿದೆ ಎಂದು ಬರೆದಿದ್ದೆನಲ್ಲ, ಅದೂ ಸುಳ್ಳು. ಒಂದು ಹಂಚು ಕೂಡ ಜಾರಿಲ್ಲ. ರೇಮಂಡ್‌ನನ್ನು ಎರಡು ತಿಂಗಳು ಇಲ್ಲಿಗೆ ಕಳುಹಿಸಲೇ ಎಂದು ನೀನು ಕೇಳಿದಾಗ ಬೇಡವೆನ್ನಲು ನೆವ ಬೇಕಾಗಿತ್ತು. ಕುಳಿತು ಹುಡುಕಿದೆ, ಸಿಕ್ಕಿತು.

ಯಾಕೆ ಬೇಡವಾಗಿತ್ತು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ. ಜೆಸ್ಸಿ ನಿನ್ನ ಕಾಗದಗಳನ್ನು ಮಾಂಯ್‌ಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ನಾನು ಅದೇ ಕೋಣೆಯಲ್ಲಿ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು, ಕೇಳದವನ ಹಾಗೆ ಕೇಳುತ್ತಿದ್ದೆ. ಹದಿನೈದರಲ್ಲಿ ಹುಡುಗ ಫುಟ್‌ಬಾಲ್ ಕ್ಲಬ್ಬಿಗೆ ಸೇರಿದ್ದು, ದೊಡ್ಡ ಆಟಗಾರರ ಬೂಟು ಒರೆಸಿ ಗ್ಯಾಲರಿ ಗುಡಿಸಿದ್ದು, ಹದಿನೇಳಕ್ಕೆ ಕ್ಲಬ್ಬಿನವರು ಅವನಿಂದ ಕರಾರಿಗೆ ರುಜು ಹಾಕಿಸಿಕೊಂಡದ್ದು, ಎಲ್ಲವನ್ನೂ ಹಾಗೆಯೇ ತಿಳಿದೆ. ಕಳೆದ ವರ್ಷ ಫೆಬ್ರವರಿಯಲ್ಲಿ ಅವನ ಮೊದಲ ದೊಡ್ಡ ಮ್ಯಾಚಿನ ಸುದ್ದಿಯನ್ನು ಅವನ ಚಿತ್ರದ ಸಮೇತ ಪತ್ರಿಕೆಯಿಂದ ಕತ್ತರಿಸಿ ಕಳುಹಿಸಿದೆಯಲ್ಲ, ಆ ತುಂಡನ್ನು ಮಾಂಯ್ ಮೇಜಿನ ಮೇಲೆ ಬಿಟ್ಟು ಅಡುಗೆಮನೆಗೆ ಹೋದಳು. ನಾನು ಕೈಗೆ ತೆಗೆದುಕೊಂಡೆ. ಕಿವಿ ನಮ್ಮದೇ, ಬರ್ನಡೆಟ್. ನನ್ನ ಅಪ್ಪನ ಕಿವಿ.

ಮರುದಿನ ಅದನ್ನು ಜೇಬಿಗೆ ಹಾಕಿಕೊಂಡು ಬಂದರಿನ ಹತ್ತಿರದ ಮೈದಾನಕ್ಕೆ ಹೋದೆ. ಅಲ್ಲಿ ಸಂಜೆ ಶುಕೂರ್‌ನ ಟೀಮಿನ ಹುಡುಗರು ಆಡುತ್ತಾರೆ. ಶುಕೂರ್ ನನ್ನ ಹಳೆಯ ವಿದ್ಯಾರ್ಥಿ, ಬಂದರಿನಲ್ಲಿ ಹಗ್ಗದ ಅಂಗಡಿ ಇಟ್ಟಿದ್ದಾನೆ. ಚಿತ್ರ ನೋಡಿ ಅವನು, “ಇದು ನಿಮ್ಮ ಮೊಮ್ಮಗನಾ ಮಾಸ್ಟ್ರೇ? ಎಂತ ಮಾರಾಯ್ರೆ, ಇಷ್ಟು ದಿವಸ ಬಾಯಿ ಬಿಡ್ಲಿಲ್ಲ ನೀವು!” ಎಂದ. ಎಲ್ಲರನ್ನೂ ಕೂಗಿ ಕರೆದ. ಹುಡುಗ ಎಲ್ಲಿ ಆಡುತ್ತಾನೆ ಎಂದು ಕೇಳಿದರು. ಹಾಫ್‌ಬ್ಯಾಕ್ ಎಂದೆ, ಮೈದಾನದ ನಡುವೆ ನಿಂತು ಹಿಂದಿನಿಂದ ಬಂದ ಚೆಂಡನ್ನು ಮುಂದಿನವರಿಗೆ ಸೇರಿಸುವವನು. ಶುಕೂರ್‌ನದೂ ಅದೇ ಜಾಗ. ನಿಮಗೆ ಕಾಗದ ಬರೀತಾನಾ ಎಂದು ಯಾರೋ ಕೇಳಿದರು. ತಿಂಗಳಿಗೊಮ್ಮೆ ಎಂದುಬಿಟ್ಟೆ.

ತಿಂಗಳಾದ ಮೇಲೆ ಅವರು ಕಾಗದ ಎಲ್ಲಿ ಎಂದು ಕೇಳಿದರು. ನಾನು ಅಂಚೆ ಕಚೇರಿಯಿಂದ ನೀಲಿ ಏರ್ ಲೆಟರ್ ತಂದು, ಇಂಗ್ಲಿಷಿನಲ್ಲಿ ‘ಪ್ರೀತಿಯ ಅಜ್ಜನಿಗೆ’ ಎಂದು ಶುರುಮಾಡಿ, ರೇಮಂಡ್‌ನ ಹೆಸರಿನಲ್ಲಿ ರುಜು ಹಾಕಿದೆ. ಮೈದಾನದಲ್ಲಿ ಅದನ್ನು ದೂರದಿಂದ ತೋರಿಸಿ ಕನ್ನಡದಲ್ಲಿ ಓದಿ ಹೇಳಿದೆ. ಒಂದು ವರ್ಷದಲ್ಲಿ ಹಾಗೆ ಹನ್ನೊಂದು ಕಾಗದ. ಚೆಂಡು ಕಾಲಿಗೆ ಬರುವ ಮೊದಲೇ ತಲೆ ಎತ್ತಿ ಯಾರು ಎಲ್ಲಿದ್ದಾರೆ ನೋಡಬೇಕು ಎಂದು ಒಂದರಲ್ಲಿ ಬರೆದಿದ್ದೆ. ಎಲ್ಲೋ ಓದಿದ ಮಾತು. ಹುಡುಗರು ಅದನ್ನು ವಾರವಿಡೀ ಅಭ್ಯಾಸ ಮಾಡಿ, ಪಕ್ಕದ ಟೀಮಿನ ಮೇಲೆ ಗೆದ್ದು, ನನ್ನನ್ನು ಕುರ್ಚಿಯ ಸಮೇತ ಎತ್ತಿದರು. ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿದ್ದೇನೆ, ಒಬ್ಬನೂ ನನ್ನ ಮಾತನ್ನು ಹಾಗೆ ಕೇಳಿರಲಿಲ್ಲ.

ಈ ಜನವರಿಯಲ್ಲಿ ಅವನ ಮೊಣಕಾಲಿಗೆ ಪೆಟ್ಟಾಗಿ ಆಪರೇಷನ್ ಆಯಿತು ಎಂದು ನೀನು ಬರೆದೆ. ಜೆಸ್ಸಿ ಓದುವಾಗ ಮಾಂಯ್ ಅತ್ತಳು. ನಾನು ಪೇಪರಿನ ಹಿಂದೆಯೇ ಇದ್ದೆ. ಅದೇ ವಾರ ನಾನು ಮೈದಾನದಲ್ಲಿ ಓದಿದ ಕಾಗದದಲ್ಲಿ ಅವನು ಎರಡು ಗೋಲು ಹೊಡೆದಿದ್ದ. ಮೇ ತಿಂಗಳಲ್ಲಿ ಕ್ಲಬ್ಬಿನವರು ಅವನನ್ನು ಕೈಬಿಟ್ಟರು, ಹುಡುಗ ಕೋಣೆಯಿಂದ ಹೊರಗೆ ಬರುವುದಿಲ್ಲ, ಅಜ್ಜನ ಮನೆ ನೋಡಬೇಕು ಎನ್ನುತ್ತಾನೆ ಎಂದು ನೀನು ಬರೆದಾಗ, ಇಲ್ಲಿ ಅವನು ಇಂಗ್ಲೆಂಡಿನ ಕಿರಿಯರ ತಂಡಕ್ಕೆ ಆಯ್ಕೆಯಾಗಿದ್ದ. ಈಗ ಅವನು ಕುಂಟುತ್ತ ಬಂದು ಪಡೀಲಿನಲ್ಲಿ ಬಸ್ಸಿನಿಂದ ಇಳಿದರೆ ನನ್ನ ಗತಿ ಏನು? ಅಷ್ಟನ್ನೇ ಯೋಚಿಸಿದೆ. ಅವನ ಗತಿ ಏನು ಎಂಬುದು ತಲೆಗೆ ಬರಲಿಲ್ಲ. ಅವತ್ತೇ ನಿನಗೆ ಆ ಕಾಗದ ಬರೆದು ನಾನೇ ಡಬ್ಬಕ್ಕೆ ಹಾಕಿ ಬಂದೆ.

ಈಗ ಹತ್ತು ದಿನದ ಹಿಂದೆ ನಿನ್ನ ಉತ್ತರ ಬಂತು. ಅದರೊಳಗೆ ರೇಮಂಡ್‌ನ ಚೀಟಿ. ಬರೀ ನಾಲ್ಕು ಸಾಲು. ಎರಡು ಕಡೆ ಕಾಗುಣಿತ ತಪ್ಪು. ಅಜ್ಜಿ ಬೇಗ ಗುಣವಾಗಲಿ, ಇಂಥ ಹೊತ್ತಿನಲ್ಲಿ ಬರುತ್ತೇನೆ ಎಂದು ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ, ಮರದ ಡಿಪೋದಲ್ಲಿ ಕೆಲಸ ಸಿಕ್ಕಿದೆ, ನಿಂತು ಮಾಡುವ ಕೆಲಸವಾದರೂ ಮಾಡಬಲ್ಲೆ. ಇಷ್ಟೆ. ಅವನ ಅಕ್ಷರವನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಜೆಸ್ಸಿ ಅದನ್ನು ಗಟ್ಟಿಯಾಗಿ ಓದಿದ್ದಳು. ಮಾಂಯ್ ಒಳಗಿನಿಂದ ಸೌಟು ಹಿಡಿದುಕೊಂಡೇ ಬಂದು, “ನನಗೆ ಎಂತ ರೋಗ?” ಎಂದು ಕೇಳಿದಳು. ನಾನು ಎಲ್ಲವನ್ನೂ ಹೇಳಿದೆ. “ಮಗಳನ್ನು ಬಿಟ್ಟದ್ದು ಸಾಕಾಗ್ಲಿಲ್ವಾ ನಿಮಗೆ?” ಎಂದಳು. ಅದಾದ ಮೇಲೆ ಊಟ ಬಡಿಸಿಡುತ್ತಾಳೆ, ಮಾತಿಲ್ಲ.

ಮಂಗಳವಾರ ಮೈದಾನಕ್ಕೆ ಹೋಗಿ ಹುಡುಗರ ಎದುರಿಗೆ ನಿಂತು ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ, ಯಾರೂ ಬೈಯಲಿಲ್ಲ. ಒಬ್ಬ ಚೆಂಡು ತೆಗೆದುಕೊಂಡು ಆಚೆ ಹೋದ, ಉಳಿದವರು ಅವನ ಹಿಂದೆ ಹೋದರು. ಶುಕೂರ್ ಮಾತ್ರ ನಿಂತ. “ಹುಡುಗ ಆದ್ರೂ ಉಂಟಾ ಮಾಸ್ಟ್ರೇ, ಅವನೂ ಸುಳ್ಳಾ?” ಎಂದು ಕೇಳಿದ. ಆ ನಾಲ್ಕು ಸಾಲಿನ ಚೀಟಿಯನ್ನು ಅವನ ಕೈಗೆ ಕೊಟ್ಟೆ. ಅವನು ನಿಧಾನವಾಗಿ ಕೂಡಿಸಿ ಓದಿದ. “ಕಾಗದದ ಸುಳ್ಳು ಇರ್ಲಿ. ಕಾಲು ಹೋದ ಹುಡುಗನಿಗೆ ಮನೆಗೆ ಬರಬೇಡ ಅಂತ ಹೇಗೆ ಬರೆದ್ರಿ ನೀವು?” ಎಂದ. ಅವನು ಚೀಟಿಯನ್ನು ಮಡಚಿ ನನ್ನ ಜೇಬಿಗೆ ಹಾಕಿ, ಆಡಲು ಹೋದ. ಬಸ್ಸಿಗೆ ಕಾಯದೆ ಪಡೀಲಿನವರೆಗೂ ನಡೆದೇ ಬಂದೆ. ದಾರಿಯಲ್ಲಿ ಯಾರಾದರೂ ‘ಮಾಸ್ಟ್ರೇ’ ಎಂದು ಕರೆದರೆ ತಲೆ ಎತ್ತಲು ಆಗುತ್ತಿರಲಿಲ್ಲ.

ಜೆಸ್ಸಿ ನಿನ್ನನ್ನು ಕೇಳಿದ್ದಾಳೆಂದು ಬರೆಯಲು ಹೇಳಿದಳು. ಹೆರಾಲ್ಡ್‌ಗೆ ನನ್ನ ನಮಸ್ಕಾರ ತಿಳಿಸು. ಅವನು ಅದನ್ನು ತೆಗೆದುಕೊಳ್ಳದಿದ್ದರೆ ತಪ್ಪಿಲ್ಲ. ದೇವರ ಕೈ ನಿಮ್ಮ ಮೂವರ ತಲೆಯ ಮೇಲೆ ಇರಲಿ.

ನಿನ್ನ ಪಪ್ಪ,
ಜೊಕಿಮ್

ತಾ.ಕ.: ಅಂಚೆಗೆ ಹಾಕಲು ಜೆಸ್ಸಿ ಬಾಗಿಲಲ್ಲಿ ಕಾಯುತ್ತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ರೇಮಂಡ್‌ಗೆ ಇಂಗ್ಲಿಷಿನಲ್ಲಿ ನಾನೇ ಬರೆಯಬಹುದಿತ್ತು. ಅವನ ಹೆಸರಿನಲ್ಲಿ ಅಷ್ಟೆಲ್ಲ ಬರೆದ ಭಾಷೆಯಲ್ಲಿ ಈಗ ಅವನಿಗೇ ಒಂದು ಸಾಲು ಬರೆಯಲು ಕೈ ಏಳುತ್ತಿಲ್ಲ. ಆದ್ದರಿಂದ ನೀನೇ ಇದನ್ನು ಅವನಿಗೆ ಓದಿ ಹೇಳು. ಹೇಳುವಾಗ ನನ್ನನ್ನು ಒಳ್ಳೆಯವನನ್ನಾಗಿ ಮಾಡಬೇಡ, ಒಂದು ಮಾತನ್ನೂ ಬಿಡಬೇಡ. ಎಲ್ಲ ಕೇಳಿದ ಮೇಲೂ ಅವನು ಬರುತ್ತೇನೆ ಎಂದರೆ ಕಳುಹಿಸು. ಬೊಂಬಾಯಿಯ ಹಡಗುಕಟ್ಟೆಗೆ ನಾನೇ ಹೋಗಿ ಕಾಯುತ್ತೇನೆ.